ಆಫೀಸಿನ ನಗು, ಮನೆಯ ಮುಖ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಬರೆದವರ ಕೆಲಸ ಬೇರೆ ಬೇರೆ, ವಯಸ್ಸು ಬೇರೆ ಬೇರೆ. ಕೇಳುವುದು ಮಾತ್ರ ಎಲ್ಲರೂ ಒಂದೇ: "ನಾನು ನಕಲಿಯಾಗಿಬಿಟ್ಟೆನಾ?" ಇದಕ್ಕೆ ಹಿಂದೆಯೂ ಉತ್ತರ ಬರೆದಿದ್ದೇನೆ, ಚುಟುಕಾಗಿ. ಚುಟುಕಾಗಿ ಬರೆದದ್ದೇ ತಪ್ಪಾಯ್ತು ಅಂತ ಕಾಣುತ್ತೆ. ಈ ಸಲ ಉದ್ದಕ್ಕೇ ಬರೆಯುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮಗೆ ಸಿಗುವುದು ಒಂದೆರಡು ಸಾಲು ಅಷ್ಟೇ.

ಪ್ರಶ್ನೆ: ಕಸ್ಟಮರ್ ಕೇರ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ದಿನವಿಡೀ ಬೈಸಿಕೊಳ್ಳುತ್ತಲೇ ನಗುನಗುತ್ತಾ ಮಾತಾಡಬೇಕು. ಹೋದ ತಿಂಗಳು ಅಮ್ಮ ಫೋನ್ ಮಾಡಿ ಅತ್ತರು. ನನ್ನ ಬಾಯಿಂದ ಬಂದದ್ದು "ನಿಮಗಾದ ತೊಂದರೆ ನನಗೆ ಅರ್ಥವಾಗುತ್ತದೆ" ಅನ್ನುವ ಆಫೀಸಿನ ಮಾತು, ಅದೂ ಆಫೀಸಿನ ದನಿಯಲ್ಲಿ. ಅಮ್ಮ ಸುಮ್ಮನಾಗಿಬಿಟ್ಟರು. ಅವತ್ತಿನಿಂದ ನನ್ನ ಯಾವ ಮಾತು ಮನಸ್ಸಿನದ್ದು, ಯಾವುದು ಬಾಯಿಪಾಠ ಅಂತ ನನಗೇ ಗೊತ್ತಾಗುತ್ತಿಲ್ಲ. ಮೇಡಂ, ನಾನು ನಕಲಿಯಾಗಿಬಿಟ್ಟೆನಾ? ಪಾಸಿಟಿವ್ ಆಗಿ ಯೋಚಿಸುವುದನ್ನು ಹೇಗೆ ಕಲಿಯಲಿ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಕಲಿಯಬೇಡಿ. ದಿನವಿಡೀ ಸಂಬಳ ಕೊಟ್ಟು ನಿಮ್ಮಿಂದ ಮಾಡಿಸುತ್ತಿರುವುದೇ ಅದು. ಅದರ ಮೇಲೆ ಇನ್ನೊಬ್ಬರಿಗೆ ದುಡ್ಡು ಕೊಟ್ಟು ಕೋರ್ಸ್ ಸೇರಿ, ಮನೆಯಲ್ಲೂ ಅದನ್ನೇ ಮಾಡುತ್ತೀರಾ? ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಐದು ನಿಮಿಷ ನಗಿ ಅಂತ ಹೇಳಿಕೊಡುವ 'ಮೈಂಡ್ ಕೋಚ್'ಗಳನ್ನು ನಾನೂ ನೋಡಿದ್ದೇನೆ. ನಕ್ಕು ನಕ್ಕು ಸುಸ್ತಾದವರಿಗೆ ಇನ್ನಷ್ಟು ನಗಿ ಅನ್ನುವುದು, ಕಾಲು ಉಳುಕಿದವರಿಗೆ ಓಡಿ ಅಂದ ಹಾಗೆ.

ಈಗ ದೊಡ್ಡ ಪ್ರಶ್ನೆಗೆ ಬರೋಣ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಗಗನಸಖಿಯರನ್ನೂ ಸಾಲ ವಸೂಲಿ ಮಾಡುವವರನ್ನೂ ಹತ್ತಿರದಿಂದ ನೋಡಿ 1983ರಲ್ಲಿ ಒಂದು ಪುಸ್ತಕ ಬರೆದರು. ಒಬ್ಬರು ಎದುರಿನವರನ್ನು ರಾಜರ ಹಾಗೆ ಕಾಣಬೇಕು, ಇನ್ನೊಬ್ಬರು ಎದುರಿನವರನ್ನು ಕುಗ್ಗಿಸಬೇಕು. ಎರಡೂ ಸಂಬಳಕ್ಕಾಗಿ ಭಾವನೆಯನ್ನು ಹದ ಮಾಡಿಕೊಳ್ಳುವ ಕೆಲಸವೇ. ಇದಕ್ಕೆ ಅವರು ಇಟ್ಟ ಹೆಸರು ಎಮೋಷನಲ್ ಲೇಬರ್. ಭಾವನೆಯ ದುಡಿಮೆ ಅನ್ನೋಣ. (ಈ ಪದವನ್ನು ಈಗ ಗೆಳತಿಯ ಹುಟ್ಟುಹಬ್ಬ ನೆನಪಿಟ್ಟುಕೊಳ್ಳುವುದಕ್ಕೂ ಬಳಸುತ್ತಾರೆ. ಮೂಲದಲ್ಲಿ ಅದು ಸಂಬಳದ ಕೆಲಸಕ್ಕೆ ಇಟ್ಟ ಹೆಸರು. ಇರಲಿ, ಈ ಜಗಳ ನಾನು ಎಂದೋ ಸೋತಿದ್ದೇನೆ.)

ಈ ದುಡಿಮೆಯನ್ನು ಎರಡು ಥರ ಮಾಡಬಹುದು. ಒಳಗೆ ಕುದಿಯುತ್ತಿದ್ದರೂ ಮುಖಕ್ಕೆ, ದನಿಗೆ ಮಾತ್ರ ನಗು ಅಂಟಿಸಿಕೊಳ್ಳುವುದು ಒಂದು. ಇದನ್ನು ಮೇಲುನಟನೆ ಅನ್ನಿ. ಇನ್ನೊಂದು ಒಳನಟನೆ. ಬೈಯುತ್ತಿರುವ ಮನುಷ್ಯನಿಗೆ ಇವತ್ತು ಏನೋ ಕೆಟ್ಟದ್ದಾಗಿರಬೇಕು ಅಂದುಕೊಂಡು, ನಿಜವಾಗಿಯೇ ಸ್ವಲ್ಪ ಕರುಣೆ ತಂದುಕೊಳ್ಳುವುದು. ಆ ಗಗನಸಖಿಯರ ತರಬೇತಿಯಲ್ಲಿ ಇದನ್ನೇ ಹೇಳಿಕೊಡುತ್ತಿದ್ದರು: ವಿಮಾನವನ್ನು ನಿಮ್ಮ ಮನೆಯ ಹಜಾರ ಅಂದುಕೊಳ್ಳಿ, ಪ್ರಯಾಣಿಕರನ್ನು ಮನೆಗೆ ಬಂದ ನೆಂಟರು ಅಂದುಕೊಳ್ಳಿ.

ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2011ರಲ್ಲಿ ಬಂತು. ಮೇಲುನಟನೆ ಜಾಸ್ತಿ ಇದ್ದಲ್ಲಿ ದಣಿವೂ ಜಾಸ್ತಿ, ಕೆಲಸದಲ್ಲಿ ತೃಪ್ತಿ ಕಮ್ಮಿ. ಒಳನಟನೆಗೂ ದಣಿವಿಗೂ ಅಂಥ ನಂಟು ಕಾಣಲಿಲ್ಲ, ಗ್ರಾಹಕರಿಗೆ ಮಾತ್ರ ಅದು ಹೆಚ್ಚು ಹಿಡಿಸುತ್ತಿತ್ತು. ಇದನ್ನು ಓದಿ ಮ್ಯಾನೇಜರುಗಳು ಕುಣಿದಾಡಿದರು. ಎಲ್ಲರಿಗೂ ಒಳನಟನೆ ಕಲಿಸಿಬಿಡಿ, ಮುಗೀತು! ಅಷ್ಟು ಸುಲಭ ಅಲ್ಲ. ದಣಿದವರಿಗೆ ಒಳನಟನೆ ಮಾಡಲು ತ್ರಾಣ ಇರುವುದಿಲ್ಲ, ಅದಕ್ಕೇ ಅವರು ಮೇಲುನಟನೆಗೆ ಬೀಳುತ್ತಾರೆ. ಕಾರಣ ಯಾವುದು, ಪರಿಣಾಮ ಯಾವುದು ಅನ್ನುವ ಗಂಟು ಪೂರ್ತಿ ಬಿಡಿಸಿಲ್ಲ. ಗಂಟೆಗೆ ಇಷ್ಟು ಕಾಲ್ ಮುಗಿಸಲೇಬೇಕು ಅನ್ನುವ ಕಡೆ ಕರುಣೆ ತಂದುಕೊಳ್ಳಲು ಟೈಮ್ ಎಲ್ಲಿದೆ, ಹೇಳಿ?

ನಿಮ್ಮ ಪತ್ರಕ್ಕೆ ಸರಿಯಾಗಿ ಹೊಂದುವ ಮಾತು ಹಾಕ್‌ಶೀಲ್ಡ್ ಪುಸ್ತಕದ ಇನ್ನೊಂದು ಕಡೆ ಇದೆ. ಇಂಥ ಕೆಲಸದವರಲ್ಲಿ ಅವರು ಮೂರು ಬಗೆ ಕಂಡರು. ಮೊದಲನೆಯವರು ತಾವೇ ಕೆಲಸ ಅಂದುಕೊಂಡವರು. ಗ್ರಾಹಕ ಬೈದರೆ ಇವರಿಗೆ ತಮ್ಮನ್ನೇ ಬೈದಂತೆ. ಇವರು ಬೇಗ ಸುಟ್ಟುಹೋಗುತ್ತಾರೆ. ಎರಡನೆಯವರು ತಾವು ಬೇರೆ, ಕೆಲಸದ ಪಾತ್ರ ಬೇರೆ ಅಂತ ಗೆರೆ ಎಳೆದವರು. ಇವರು ಅಷ್ಟು ಬೇಗ ಸುಡುವುದಿಲ್ಲ. ಆದರೆ ಗೆರೆ ಎಳೆದದ್ದಕ್ಕೇ ತಮ್ಮನ್ನು ಬೈದುಕೊಳ್ಳುತ್ತಾರೆ: 'ಛೇ, ನಾನು ಬರೀ ನಟಿ, ನನ್ನಲ್ಲಿ ಪ್ರಾಮಾಣಿಕತೆಯೇ ಇಲ್ಲ.' ಮೂರನೆಯವರೂ ಗೆರೆ ಎಳೆದವರೇ, ಆದರೆ ಬೈದುಕೊಳ್ಳುವುದಿಲ್ಲ. ನಟನೆ ಈ ಕೆಲಸದ ಕಸುಬು, ನನಗದು ಚೆನ್ನಾಗಿ ಬರುತ್ತೆ ಅನ್ನುತ್ತಾರೆ. ಇವರಿಗಿರುವ ಅಪಾಯ ಬೇರೆ, ಎಲ್ಲವೂ ನಾಟಕ ಅನ್ನುವ ಸಿನಿಕತನ.

ನೀವು ಎರಡನೇ ಬಗೆ. ನಕಲಿಯಾದವರಿಗೆ ಅಮ್ಮ ಸುಮ್ಮನಾದದ್ದು ಗೊತ್ತೇ ಆಗುತ್ತಿರಲಿಲ್ಲ. ನಿಮಗೆ ತಕ್ಷಣ ಗೊತ್ತಾಯಿತು, ಒಂದು ತಿಂಗಳು ಕೊರೆಯಿತು. ಅಂದರೆ ಗೆರೆ ಇನ್ನೂ ಇದೆ. ಅವತ್ತು ಅದನ್ನು ದಾಟಿ ಬಂದದ್ದು ನಿಮ್ಮ ಸ್ವಭಾವ ಅಲ್ಲ, ಅಭ್ಯಾಸ. ಅಳುವ ದನಿ ಕೇಳಿದರೆ ಈ ವಾಕ್ಯ ಹೇಳಬೇಕು ಅಂತ ಆರು ವರ್ಷ ನಾಲಿಗೆಗೆ ಕಲಿಸಿದ್ದೀರಿ. ನಾಲಿಗೆಗೆ ಅಮ್ಮ ಯಾರು, ಗ್ರಾಹಕ ಯಾರು ಅಂತ ಹೇಗೆ ಗೊತ್ತಾಗಬೇಕು?

ನನಗೂ ಹೀಗಾಗಿದೆ. ಒಮ್ಮೆ ದಿನಪೂರ್ತಿ ಕೌನ್ಸೆಲಿಂಗ್ ಮುಗಿಸಿ ಬಂದಿದ್ದೆ. ಮಗ ಶಾಲೆಯ ಜಗಳ ಹೇಳುತ್ತಿದ್ದ. ನಾನು ತಲೆ ಸ್ವಲ್ಪ ವಾಲಿಸಿ, "ಅದರ ಬಗ್ಗೆ ಇನ್ನೂ ಸ್ವಲ್ಪ ಹೇಳ್ತೀಯಾ?" ಅಂದೆ. ಅವನು ತಟ್ಟೆ ತಳ್ಳಿ, "ಅಮ್ಮಾ, ನಾನು ನಿನ್ನ ಪೇಷೆಂಟ್ ಅಲ್ಲ" ಅಂದ. ಆಮೇಲೆ ನಾನು ಮಾಡಿದ್ದನ್ನೇ ನಿಮಗೂ ಹೇಳುತ್ತೇನೆ. ಅಮ್ಮನಿಗೆ ಫೋನ್ ಮಾಡಿ. "ಅವತ್ತು ಬಾಯಿತಪ್ಪಿ ಆಫೀಸಿನ ಮಾತು ಬಂತಮ್ಮಾ" ಅನ್ನಿ. ವಿವರಣೆ ಬೇಡ, ಕ್ಷಮೆಯ ಭಾಷಣವೂ ಬೇಡ. ಆಮೇಲೆ ಅವರು ಮಾತಾಡಲಿ.

ಇನ್ನು ದಿನನಿತ್ಯದ ಮಾತು. ಈ ದಣಿವು ಆಫೀಸಿನ ಬಾಗಿಲಲ್ಲಿ ನಿಲ್ಲುವುದಿಲ್ಲ. ಬಸ್ ಚಾಲಕರನ್ನು ಎರಡು ವಾರ ಹಿಂಬಾಲಿಸಿದ 2014ರ ಅಧ್ಯಯನ ಇದನ್ನೇ ತೋರಿಸಿತು: ಮೇಲುನಟನೆ ಜಾಸ್ತಿ ಮಾಡಿದ ದಿನ ಮನೆಯಲ್ಲಿ ಸುಸ್ತು, ಕಿರಿಕಿರಿ, ರಾತ್ರಿ ನಿದ್ದೆಗೆಡುವುದು. ಹಾಗಾಗಿ ಬಿಡುವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಚಿಯರ್‌ಲೀಡಿಂಗ್ ಕಲಿಸುವ ತರಬೇತುದಾರರ ಮೇಲೆ 2008ರಲ್ಲಿ ಒಂದು ಅಧ್ಯಯನ ನಡೆದಿತ್ತು. ಇಡೀ ದಿನ ಹುರುಪು ತೋರಿಸಲೇಬೇಕಾದ ಕೆಲಸ ಅವರದ್ದು. ಬಿಡುವಿನಲ್ಲಿ ನಿಜವಾಗಿ ಬಿಡುವು ಮಾಡಿಕೊಂಡವರಿಗೆ ಮುಂದಿನ ಪಾಳಿಯಲ್ಲಿ ಹುರುಪು ತೋರಿಸುವುದು ಸುಲಭವಾಯಿತು. ಬಿಡುವಿನಲ್ಲೂ ಬಾಕಿ ಕೆಲಸ ಮುಗಿಸಿಕೊಂಡವರಿಗೆ ಆಗಲಿಲ್ಲ. ನಿಮ್ಮ ಊಟದ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ? ಬ್ಯಾಂಕ್ ಕೆಲಸ, ಮನೆಯವರ ಮೆಸೇಜಿಗೆ ಉತ್ತರ, ಅಲ್ವಾ?

ಇನ್ನೊಂದು ಮುಖ್ಯ. ಆಸ್ಪತ್ರೆ ಸಿಬ್ಬಂದಿಯ ಮೇಲೆ 2012ರಲ್ಲಿ ನಡೆದ ಅಧ್ಯಯನದ ಪ್ರಕಾರ, ರೋಗಿಗಳ ಮುಂದೆ ಎಷ್ಟೇ ಮುಖವಾಡ ಹಾಕಿದರೂ, ಜೊತೆಗೆ ಕೆಲಸ ಮಾಡುವವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಬಹುದಾದ ತಂಡಗಳಲ್ಲಿ ಮುಖವಾಡದ ಪೆಟ್ಟು ಕಮ್ಮಿ ಇತ್ತು. ನಾಟಕದವರಿಗೆ ಇದು ಮೊದಲಿಂದಲೂ ಗೊತ್ತು. ರಂಗದ ಮೇಲೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು, ಹಿಂದೆ ಬಣ್ಣದ ಕೋಣೆ ಒಂದಿದ್ದರೆ. ಎಷ್ಟೋ ಕಚೇರಿಗಳು ಈಗ ಆ ಕೋಣೆಯನ್ನೇ ಕಿತ್ತುಹಾಕಿವೆ. ಸಹೋದ್ಯೋಗಿಗಳ ಜೊತೆಗೂ ನಗುತ್ತಿರಬೇಕು, ಗ್ರೂಪಿನಲ್ಲೂ ಹೂವಿನ ಚಿತ್ರ ಹಾಕಬೇಕು. "ಇವತ್ತು ತಲೆ ಕೆಟ್ಟಿದೆ ಕಣೇ" ಅನ್ನಬಹುದಾದ ಒಬ್ಬರು ನಿಮ್ಮ ಪಾಳಿಯಲ್ಲಿದ್ದಾರಾ? ಇದ್ದರೆ ಅವರ ಜೊತೆಗೇ ಊಟಕ್ಕೆ ಕೂರಿ.

ಕೆಲಸ ಬಿಡಲಾ ಅಂತ ನೀವು ಕೇಳಿಲ್ಲ, ಒಳ್ಳೇದಾಯ್ತು. ಪತ್ರ ಓದಿ ಕೆಲಸ ಬಿಡಿ ಅನ್ನುವ ತಜ್ಞರನ್ನು ನಂಬಬೇಡಿ, ತಿಂಗಳ ಖರ್ಚು ಅವರ ಜೇಬಿನಿಂದ ಹೋಗುವುದಿಲ್ಲ. ಆದರೆ ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಯಾವುದರಲ್ಲೂ ಆಸೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಅಂಕಣದಲ್ಲಿ ಉತ್ತರಿಸುವ ವಿಷಯ ಅಲ್ಲ. ವೈದ್ಯರ ಹತ್ತಿರ ಹೋಗಿ, ಇವತ್ತೇ.

ಪ್ರಶ್ನೆ: ಬಾಸ್ ಮೇಲಿನ ಸಿಟ್ಟನ್ನು ದಿಂಬಿಗೆ ಗುದ್ದಿ ಹೊರಹಾಕಿದರೆ ಒಳ್ಳೆಯದಂತೆ, ಹೌದಾ?

ಉತ್ತರ: ಸುಳ್ಳು. 2002ರಲ್ಲಿ 600 ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ್ದಾರೆ. ಸಿಟ್ಟು ತರಿಸಿದವನನ್ನೇ ನೆನೆದು ಗುದ್ದಿದವರು ಇನ್ನಷ್ಟು ಸಿಟ್ಟಾದರು. ಸುಮ್ನೆ ಕೂತವರೇ ವಾಸಿ.

ಪ್ರಶ್ನೆ: ಬರ್ನೌಟ್‌ಗೆ ಯಾವ ಮಾತ್ರೆ?

ಉತ್ತರ: ಕೆಲಸದ ಒತ್ತಡದಿಂದ ಪೂರ್ತಿ ಬಳಲಿಹೋಗುವುದೇ ಬರ್ನೌಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕಾಯಿಲೆ ಅನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂದಿತು. ಮಾತ್ರೆ ಬೇಕಿರುವುದು ನಿಮ್ಮ ಡ್ಯೂಟಿ ಪಟ್ಟಿಗೆ.

ಪ್ರಶ್ನೆ: ಮಗಳ ಬೆರಳಚ್ಚು ತೆಗೆದು, ಅವಳಿಗೆ ಯಾವ ಕೆಲಸ ಸರಿ ಅಂತ 20 ಪುಟದ ವರದಿ ಕೊಟ್ಟಿದ್ದಾರೆ. ನೂರಕ್ಕೆ ನೂರು ನಿಜ ಅನ್ನಿಸುತ್ತಿದೆ!

ಉತ್ತರ: ಅನ್ನಿಸುತ್ತೆ, ಅನ್ನಿಸಲೆಂದೇ ಬರೆದಿರುತ್ತಾರೆ. ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತಮ್ಮ 39 ವಿದ್ಯಾರ್ಥಿಗಳಿಗೆ 'ನಿಮ್ಮ ವ್ಯಕ್ತಿತ್ವದ ವರದಿ' ಅಂತ ಒಂದೊಂದು ಹಾಳೆ ಕೊಟ್ಟರು. ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ, ಅದರಲ್ಲಿ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಸಾಲುಗಳೂ ಇದ್ದವು. ನಿಮಗೆ ಎಷ್ಟು ಹೊಂದುತ್ತೆ ಅಂತ ಕೇಳಿದಾಗ 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಇದು 1949ರಲ್ಲೇ ಪ್ರಕಟವಾದ ವಿಷಯ. ಬೆರಳ ಗೆರೆಗೂ ಉದ್ಯೋಗಕ್ಕೂ ಯಾವ ಸಂಬಂಧವೂ ಇಲ್ಲ. ಆ ದುಡ್ಡು ವಾಪಸ್ ಕೇಳಿ.

ಪ್ರಶ್ನೆ: ನನ್ನ ಪ್ಯಾಷನ್ ಯಾವುದು ಅಂತ ಹುಡುಕಿಕೊಡಿ.

ಉತ್ತರ: ಆಗಲ್ಲ. ಅದು ಸಿಕ್ಕವರೆಲ್ಲ ಸುಖವಾಗಿದ್ದಾರೆ ಅಂದುಕೊಳ್ಳಲೂ ಬೇಡಿ. ಪ್ರಾಣಿ ಸಂಗ್ರಹಾಲಯದ ಪಾಲಕರನ್ನು ಕುರಿತ 2009ರ ಅಧ್ಯಯನ ಓದಿದರೆ ಗೊತ್ತಾಗುತ್ತೆ. ಇದಕ್ಕೇ ಹುಟ್ಟಿದವರು ನಾವು ಅಂದುಕೊಂಡವರಿಗೆ ಕೆಲಸದಲ್ಲಿ ಅರ್ಥ ಸಿಕ್ಕಿತ್ತು. ಅವರೇ ಕಮ್ಮಿ ಸಂಬಳಕ್ಕೂ ಜಾಸ್ತಿ ದುಡಿತಕ್ಕೂ ತಲೆ ಬಗ್ಗಿಸಿದ್ದರು.

ಪ್ರಶ್ನೆ: ಫ್ಯಾಕ್ಟರಿ ಮುಚ್ಚಿ ಅಪ್ಪನ ಕೆಲಸ ಹೋಗಿ ಎಂಟು ತಿಂಗಳಾಯಿತು. ಕೈತುಂಬ ಸಮಯ ಇದ್ದರೂ ಏನೂ ಮಾಡುವುದಿಲ್ಲ, ಪೇಪರ್ ಕೂಡ ಓದುವುದಿಲ್ಲ. ಸೋಮಾರಿಯಾದರು ಅಂತ ಅಮ್ಮ ಬೈಯುತ್ತಾರೆ.

ಉತ್ತರ: ಅಮ್ಮನಿಗೆ ಇದನ್ನು ಓದಿ ಹೇಳಿ. ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮಾರಿಯಂತಾಲ್ ಎಂಬ ಹಳ್ಳಿಯಿದೆ. 1930ರಲ್ಲಿ ಅಲ್ಲಿನ ಬಟ್ಟೆ ಕಾರ್ಖಾನೆ ಮುಚ್ಚಿ, ಹೆಚ್ಚುಕಮ್ಮಿ ಇಡೀ ಊರಿಗೇ ಕೆಲಸ ಹೋಯಿತು. ಮನಶ್ಶಾಸ್ತ್ರಜ್ಞೆ ಮೇರಿ ಯಹೋಡ ಮತ್ತು ಜೊತೆಗಾರರು ಅಲ್ಲಿ ನಡೆಸಿದ ಅಧ್ಯಯನ 1933ರಲ್ಲಿ ಪುಸ್ತಕವಾಗಿ ಬಂತು. ಊರಿನ ಗ್ರಂಥಾಲಯದಲ್ಲಿ ಪುಸ್ತಕ ಒಯ್ಯಲು ಇದ್ದ ಶುಲ್ಕ ತೆಗೆದುಹಾಕಿದ್ದರು, ಜನರಿಗೆ ಬೇಕಾದಷ್ಟು ಸಮಯ ಇತ್ತು. ಆದರೂ ಒಯ್ಯುವವರು ಕಮ್ಮಿಯಾದರು. ಸಂಶೋಧಕರು ಬೀದಿಯಲ್ಲಿ ಜನ ನಡೆಯುವುದನ್ನು ಗಡಿಯಾರ ಹಿಡಿದು ಅಳೆದರು. ಗಂಡಸರು ನಾಲ್ಕು ಹೆಜ್ಜೆ ಹಾಕಿ ನಿಲ್ಲುವರು, ಮತ್ತೆ ನಿಲ್ಲುವರು. ಹೆಂಗಸರು ಸರಸರ ನಡೆಯುವರು, ಯಾಕೆಂದರೆ ಅವರ ಮನೆಗೆಲಸ ಎಲ್ಲೂ ಹೋಗಿರಲಿಲ್ಲ. ಹೆಚ್ಚಿನ ಗಂಡಸರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು.

ಕೆಲಸ ಕೊಡುವುದು ಸಂಬಳ ಮಾತ್ರ ಅಲ್ಲ ಅಂತ ಯಹೋಡ ಮುಂದೆ ವಿವರಿಸಿದರು. ದಿನಕ್ಕೊಂದು ಚೌಕಟ್ಟು, ಮನೆಯಾಚೆಯ ಮುಖಗಳು, ನಾಲ್ಕು ಜನ ಸೇರಿ ಮಾಡುವ ಗುರಿ, 'ನಾನು ಇಂಥವನು' ಅನ್ನುವ ಗುರುತು, ಮೈ ಆಡಿಸಲು ಒಂದು ನೆಪ. ನಿಮ್ಮ ಅಪ್ಪನಿಂದ ಇವೆಲ್ಲ ಒಂದೇ ದಿನ ಹೋಗಿವೆ. ಹವ್ಯಾಸ ಬೆಳೆಸಿಕೊಳ್ಳಿ ಅಂತ ಅವರಿಗೆ ಹೇಳಬೇಡಿ, ಯಾವಾಗ ಬೇಕಾದರೂ ಮಾಡಬಹುದಾದದ್ದು ಯಾವತ್ತೂ ಆಗುವುದಿಲ್ಲ. ಇನ್ನೊಬ್ಬರು ಕಾಯುವಂಥ ಕೆಲಸ ಹುಡುಕಿ. ಪಕ್ಕದ ಮನೆ ಹುಡುಗನಿಗೆ ಸಂಜೆ ಆರಕ್ಕೆ ಲೆಕ್ಕ ಹೇಳಿಕೊಡುವುದಾದರೂ ಸರಿ. ಐದೂ ಮುಕ್ಕಾಲಿಗೆ ಅವರು ಅಂಗಿ ಬದಲಿಸುತ್ತಾರಾ ಅಂತ ನೋಡಿ, ನನಗೆ ಬರೆಯಿರಿ.