ಅಮೆರಿಕದ ಕಾಲೇಜಿನಲ್ಲಿ ಮಗ ಫ್ರಟರ್ನಿಟಿ ಸೇರಿದರೆ ಓದಿಗೆ ನೆರವಾಗುತ್ತದೆಯೇ, ಓದು ಕೆಡುತ್ತದೆಯೇ?

ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಅಮೆರಿಕಕ್ಕೆ ಹೋಗಿರುವ ನಿಮ್ಮ ಮಗನಿಗೆ ಫ್ರಟರ್ನಿಟಿಯೊಂದರಿಂದ ಕರೆ ಬಂದಿದೆ; ಓದಿಗೆ ಅವರೇ ನೆರವಾಗುತ್ತಾರೆ, ಮುಂದೆ ಕೆಲಸ ಹುಡುಕುವಾಗ ಹಳೆಯ ಸದಸ್ಯರು ಕೈಹಿಡಿಯುತ್ತಾರೆ ಎಂದು ಅವನು ಹೇಳುತ್ತಿದ್ದಾನೆ; ಇದನ್ನು ನಂಬಬಹುದೇ ಎಂದು ಕೇಳಿದ್ದೀರಿ. ಫ್ರಟರ್ನಿಟಿ ಎಂದರೆ ಅಲ್ಲಿನ ಕಾಲೇಜುಗಳ ಗಂಡು ವಿದ್ಯಾರ್ಥಿಗಳ ಸಂಘ; ಸದಸ್ಯರಲ್ಲಿ ಹಲವರು ಸಂಘದ ಮನೆಯಲ್ಲೇ ಒಟ್ಟಿಗೆ ಇರುತ್ತಾರೆ. ನಾನು ಹಾಸನದಲ್ಲಿ ಪಿಯುಸಿ ಮುಗಿಸಿ, ಅಲ್ಲಿನ ಮಧ್ಯಪಶ್ಚಿಮ ಭಾಗದ ವಿಶ್ವವಿದ್ಯಾಲಯವೊಂದಕ್ಕೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಹೋದವನು. ಮೂರೂವರೆ ವರ್ಷ ಫ್ರಟರ್ನಿಟಿಯ ಸದಸ್ಯನಾಗಿದ್ದೆ. ಅದರಲ್ಲಿ ಒಂದು ವರ್ಷ ಸದಸ್ಯರ ಓದಿನ ಉಸ್ತುವಾರಿ, ಅಂದರೆ ಅಲ್ಲಿ ಸ್ಕಾಲರ್‌ಶಿಪ್ ಚೇರ್ ಎಂದು ಕರೆಯುವ ಹೊಣೆ, ನನ್ನ ಮೇಲಿತ್ತು. ನಿಮ್ಮ ಮಗನಿಗೆ ಹೇಳಿರುವ ಮಾತು ಪೂರ್ತಿ ನಿಜವಿರಬಹುದು, ಬರಿಯ ಆಮಿಷವೂ ಇರಬಹುದು. ಯಾವುದೆಂಬುದು ಅವರು ಕರೆದು ಊಟ ಹಾಕುವ ರಾತ್ರಿ ತಿಳಿಯುವುದಿಲ್ಲ. ಪರೀಕ್ಷೆ ಹತ್ತಿರವಿರುವಾಗ ಯಾವುದೋ ಒಂದು ಮಂಗಳವಾರ ರಾತ್ರಿ ಆ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನೋಡಿದರೆ ತಿಳಿಯುತ್ತದೆ.

ಫ್ರಟರ್ನಿಟಿ ಎಂದ ಕೂಡಲೇ ನಮ್ಮವರಿಗೆ ಕುಡಿತ, ಗದ್ದಲ ನೆನಪಾಗುತ್ತದೆ. ಆ ಭಯ ಸುಳ್ಳಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಈ ಸಂಘಗಳ ಬೇರು ಓದಿನಲ್ಲೇ ಇದೆ. ಗ್ರೀಕ್ ಅಕ್ಷರಗಳ ಹೆಸರಿಡುವ ರೂಢಿಯನ್ನು ಆರಂಭಿಸಿದ ಫೈ ಬೀಟಾ ಕಪ್ಪಾ 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಆಂಡ್ ಮೇರಿ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಚರ್ಚಾಕೂಟವಾಗಿ ಹುಟ್ಟಿತು. ಇಂದು ಅದು ಪ್ರತಿಭಾವಂತರನ್ನು ಗೌರವಿಸುವ ಸಂಸ್ಥೆ. ನನ್ನ ಮನಸ್ಸಿಗೆ ಇದಕ್ಕಿಂತ ಹತ್ತಿರವಾದದ್ದು ಕಾರ್ನೆಲ್ ವಿಶ್ವವಿದ್ಯಾಲಯದ ಕಥೆ. ಅಲ್ಲಿ ಬಿಳಿಯರ ಕೂಟಗಳಿಂದ ಹೊರಗುಳಿದ ಕಪ್ಪು ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಆಸರೆಯಾಗಿ ಓದಲು ಕಟ್ಟಿಕೊಂಡ ಸಣ್ಣ ಗುಂಪೇ 1906ರ ಡಿಸೆಂಬರ್ 4ರಂದು ಆಲ್ಫಾ ಫೈ ಆಲ್ಫಾ ಎಂಬ ಫ್ರಟರ್ನಿಟಿಯಾಯಿತು. ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಕೂಡ ಅದರ ಸದಸ್ಯರಾದರು. ದಕ್ಷಿಣ ಏಷ್ಯಾ ಮೂಲದ ಹುಡುಗರು ಕಟ್ಟಿದ ಡೆಲ್ಟಾ ಎಪ್ಸಿಲಾನ್ ಸೈ 1998ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಪರಸ್ಥಳದಲ್ಲಿ ಒಂಟಿಯಾದವನು ಓದಿನಲ್ಲಿ ಬೇಗ ಹಿಂದೆ ಬೀಳುತ್ತಾನೆ ಎಂಬುದನ್ನು ನಾನು ಮೊದಲ ಸೆಮಿಸ್ಟರಿನಲ್ಲೇ ಅನುಭವಿಸಿದ್ದೇನೆ.

ಸದಸ್ಯರನ್ನು ಸೇರಿಸಿಕೊಳ್ಳುವ ಕಾಲಕ್ಕೆ ರಷ್ ಎನ್ನುತ್ತಾರೆ. ಕೆಲವು ವಾರಗಳ ಕಾಲ ಊಟ, ಆಟ, ಮಾತುಕತೆ ನಡೆದು, ಅವರಿಗೆ ಹುಡುಗ ಒಪ್ಪಿಗೆಯಾದರೆ ಬಿಡ್ ಎಂಬ ಆಹ್ವಾನ ಕೊಡುತ್ತಾರೆ. ಅದನ್ನು ಒಪ್ಪಿದ ಮೇಲೆ ಹೊಸ ಸದಸ್ಯನಾಗಿ ಕೆಲವು ವಾರ ಕಳೆದ ನಂತರ ದೀಕ್ಷೆ. ರಷ್ ಸಮಯದಲ್ಲಿ ಪ್ರತಿಯೊಂದು ಚಾಪ್ಟರ್, ಅಂದರೆ ಫ್ರಟರ್ನಿಟಿಯ ಆ ಕಾಲೇಜಿನ ಶಾಖೆ, ತನ್ನ ಅತ್ಯುತ್ತಮ ಮುಖವನ್ನೇ ತೋರಿಸುವುದು ಸಹಜ. ಹಾಗಾಗಿ ಮಾತಿಗಿಂತ ಅಂಕಿಯನ್ನು ನೋಡುವುದು ಲೇಸು: ಅನೇಕ ವಿಶ್ವವಿದ್ಯಾಲಯಗಳು ಪ್ರತಿ ಸೆಮಿಸ್ಟರ್ ಮುಗಿದ ಮೇಲೆ ಯಾವ ಚಾಪ್ಟರಿನ ಸರಾಸರಿ ಜಿಪಿಎ (ಸಾಮಾನ್ಯವಾಗಿ ನಾಲ್ಕಕ್ಕೆ ಲೆಕ್ಕ ಹಾಕುವ ಅಂಕ) ಎಷ್ಟು, ಇಡೀ ಕ್ಯಾಂಪಸ್ಸಿನ ಗಂಡು ವಿದ್ಯಾರ್ಥಿಗಳ ಸರಾಸರಿ ಎಷ್ಟು ಎಂಬ ಪಟ್ಟಿಯನ್ನು ಪ್ರಕಟಿಸುತ್ತವೆ. ನಿಮ್ಮ ಮಗನನ್ನು ಕರೆದ ಚಾಪ್ಟರ್ ಸತತವಾಗಿ ಮೂರು ನಾಲ್ಕು ಸೆಮಿಸ್ಟರ್ ಆ ಸರಾಸರಿಗಿಂತ ಕೆಳಗಿದ್ದರೆ, ಓದಿನ ನೆರವಿನ ಬಗ್ಗೆ ಅವರು ಎಷ್ಟು ಸೊಗಸಾಗಿ ಹೇಳಿದರೂ ನಾನಾದರೆ ನಂಬುವುದಿಲ್ಲ.

ನಮ್ಮ ಮನೆಯಲ್ಲಿ ಆ ನೆರವು ಹೇಗಿತ್ತು ಎಂದು ಹೇಳುತ್ತೇನೆ. ಭಾನುವಾರದಿಂದ ಗುರುವಾರದವರೆಗೆ ರಾತ್ರಿ ಏಳೂವರೆಗೆ ಊಟದ ಮೇಜನ್ನು ಒರೆಸಿ, ಎಲ್ಲರ ಫೋನುಗಳನ್ನು ಹಳೆಯ ಶೂ ಡಬ್ಬಿಯೊಂದರಲ್ಲಿ ಹಾಕಿಸಿ, ಹತ್ತರವರೆಗೆ ಓದಲು ಕೂರಿಸುತ್ತಿದ್ದೆವು. ಹೊಸ ಸದಸ್ಯರಿಗೂ, ಹಿಂದಿನ ಸೆಮಿಸ್ಟರಿನಲ್ಲಿ 2.7ಕ್ಕಿಂತ ಕಡಿಮೆ ಬಂದವರಿಗೂ ಅದು ಕಡ್ಡಾಯ. ಬಂದ ಹೊತ್ತು, ಎದ್ದ ಹೊತ್ತು ಎರಡನ್ನೂ ಬರೆದು ರುಜು ಹಾಕಬೇಕಿತ್ತು. ನಾನು ಹೊಸಬನಾಗಿದ್ದಾಗ ಸರ್ಕ್ಯೂಟ್ ವಿಷಯದ ಮೊದಲ ಕಿರುಪರೀಕ್ಷೆಯಲ್ಲಿ ನೂರಕ್ಕೆ 41 ಬಂದಿತ್ತು. ಆ ರಾತ್ರಿ ನನ್ನ ಬಿಗ್ ಬ್ರದರ್, ಅಂದರೆ ನನಗೆ ಗೊತ್ತುಮಾಡಿದ್ದ ಹಿರಿಯ ಸದಸ್ಯ, ಉತ್ತರವನ್ನು ಹೇಳಿಕೊಡಲಿಲ್ಲ. ನನ್ನ ಪತ್ರಿಕೆಯನ್ನು ಮುಂದಿಟ್ಟುಕೊಂಡು ಪ್ರತಿ ತಪ್ಪಿನ ಪಕ್ಕದಲ್ಲಿ ಅದು ಲೆಕ್ಕದ ತಪ್ಪೋ, ತಿಳಿವಳಿಕೆಯ ತಪ್ಪೋ ಎಂದು ನನ್ನ ಕೈಯಲ್ಲೇ ಬರೆಸಿದ. ಒಂಬತ್ತು ತಪ್ಪುಗಳಲ್ಲಿ ಏಳು ವಿದ್ಯುತ್ ಪ್ರವಾಹದ ದಿಕ್ಕನ್ನು ಗುರುತಿಸುವುದರಲ್ಲೇ ಆಗಿದ್ದವು. ಮರುದಿನ ನನ್ನನ್ನು ಪ್ರೊಫೆಸರ್ ಅವರ ಆಫೀಸ್ ಅವರ್ಸ್‌ಗೆ, ಅಂದರೆ ವಿದ್ಯಾರ್ಥಿಗಳ ಸಂದೇಹ ಕೇಳಲು ಅವರು ಕೋಣೆಯಲ್ಲಿ ಕೂರುವ ಹೊತ್ತಿಗೆ, ಕರೆದುಕೊಂಡು ಹೋಗಿ ಬಾಗಿಲಲ್ಲಿ ಬಿಟ್ಟ. ಗುರುಗಳ ಕೋಣೆಗೆ ಹೋಗಿ ಅರ್ಥವಾಗಲಿಲ್ಲ ಎಂದು ಹೇಳುವುದು ನಮ್ಮಲ್ಲಿ ಬೆಳೆದ ಹುಡುಗರಿಗೆ ಎಷ್ಟು ಕಷ್ಟವೆಂದು ನಿಮಗೂ ಗೊತ್ತಿರಬಹುದು. ಆ ಬಾಗಿಲು ದಾಟಿದ್ದು ನನಗಾದ ದೊಡ್ಡ ಉಪಕಾರ.

ಇದೇ ಮನೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳಿಂದ ತುಂಬಿದ ಕಬ್ಬಿಣದ ಬೀರುವೂ ಇತ್ತು. ಅದಕ್ಕೆ ಟೆಸ್ಟ್ ಬ್ಯಾಂಕ್ ಎನ್ನುತ್ತಾರೆ. ಇದರ ವಿಷಯದಲ್ಲಿ ಮಗನಿಗೆ ಸ್ಪಷ್ಟವಾಗಿ ಹೇಳಿ. ಪ್ರೊಫೆಸರ್ ತಾವೇ ಮರಳಿ ಕೊಟ್ಟ ಪತ್ರಿಕೆಯನ್ನು ಅಭ್ಯಾಸಕ್ಕೆ ಬಳಸುವುದಕ್ಕೂ, ಅವರು ಹೊರಗೆ ಒಯ್ಯಬಾರದೆಂದ ಪತ್ರಿಕೆಯನ್ನು ಕದ್ದು ಇಟ್ಟುಕೊಳ್ಳುವುದಕ್ಕೂ ಅಜಗಜಾಂತರವಿದೆ. ಎರಡನೆಯದನ್ನು ಅಲ್ಲಿ ಪರೀಕ್ಷಾ ಅಕ್ರಮವೆಂದೇ ಪರಿಗಣಿಸುತ್ತಾರೆ. ಅಮಾನತಾದರೆ ವಿದ್ಯಾರ್ಥಿ ವೀಸಾದಲ್ಲಿರುವ ನಮ್ಮ ಹುಡುಗರಿಗೆ ಆ ದೇಶದಲ್ಲಿ ಉಳಿಯುವುದೇ ಕಷ್ಟವಾಗುತ್ತದೆ. ನಾನು ಹೊಣೆ ಹೊತ್ತ ವರ್ಷ ಆ ಬೀರುವಿನಿಂದ ಅನುಮಾನ ಬಂದ ಪತ್ರಿಕೆಗಳನ್ನೆಲ್ಲ ತೆಗೆಸಿದೆ. ಅದರಿಂದ ಕೆಲವರ ಸ್ನೇಹ ಹೋಯಿತು, ಆದರೂ ಆ ಕೆಲಸದ ಬಗ್ಗೆ ಇಂದಿಗೂ ಸಮಾಧಾನವಿದೆ.

ಹಳೆಯ ಸದಸ್ಯರ ಮಾರ್ಗದರ್ಶನದ ಬಗ್ಗೆ ನನಗೆ ಕೃತಜ್ಞತೆಯೇ ಹೆಚ್ಚು. ನಿವೃತ್ತ ಸಿವಿಲ್ ಎಂಜಿನಿಯರ್ ಒಬ್ಬರು ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ, ಉದ್ಯೋಗ ಮೇಳಕ್ಕೆ ಹತ್ತು ದಿನ ಮೊದಲು, ಎರಡು ಗಂಟೆ ಕಾರು ಓಡಿಸಿಕೊಂಡು ಬಂದು ನಮ್ಮ ರೆಸ್ಯೂಮೆಗಳನ್ನು ಹಸಿರು ಪೆನ್ನಿನಲ್ಲಿ ತಿದ್ದುತ್ತಿದ್ದರು. ನನ್ನದರಲ್ಲಿ ‘ಭಾಗವಹಿಸಿದ್ದೇನೆ’ ಎಂಬ ಅರ್ಥದ ಮಾತು ಐದು ಕಡೆ ಇತ್ತು. ಐದನ್ನೂ ಹೊಡೆದುಹಾಕಿ, ಅಲ್ಲಿ ನೀನು ಮಾಡಿದ್ದೇನು, ಅದಕ್ಕೆ ಎಷ್ಟು ದಿನ ಹಿಡಿಯಿತು, ಕೊನೆಗೆ ಅದು ಕೆಲಸ ಮಾಡಿತೇ ಎಂದು ಮೂರೇ ಪ್ರಶ್ನೆ ಕೇಳಿದರು. ಅವರು ನನಗೆ ಕೆಲಸ ಕೊಡಿಸಲಿಲ್ಲ, ಕೊಡಿಸುವುದು ತಮ್ಮ ಕೆಲಸವೆಂದು ತಿಳಿದವರೂ ಅಲ್ಲ. ಸಂದರ್ಶನದಲ್ಲಿ ನನ್ನ ಮಾತನ್ನು ನಾನೇ ಆಡುವಂತೆ ಮಾಡಿದರು. ಆದರೆ ವೀಸಾ ವಿಷಯದಲ್ಲಿ ಇಂಥ ಹಿರಿಯರನ್ನು ನೆಚ್ಚಬಾರದು. ಓದು ಮುಗಿದ ಮೇಲೆ ಒಪಿಟಿ ಎಂಬ, ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಬಿಡುವ ವ್ಯವಸ್ಥೆಯಲ್ಲಿ 12 ತಿಂಗಳು, ಎಂಜಿನಿಯರಿಂಗಿನಂಥ ಪದವಿಗಳಿಗೆ ಮತ್ತೆ 24 ತಿಂಗಳು ಕೆಲಸ ಮಾಡಲು ಅವಕಾಶವಿರುವುದು ಅಲ್ಲೇ ಹುಟ್ಟಿ ಬೆಳೆದ ಬಹುಪಾಲು ಸದಸ್ಯರಿಗೆ ತಿಳಿದಿರುವುದೇ ಇಲ್ಲ. ಅದಕ್ಕೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೇ ಕೇಳಬೇಕು.

ಈಗ ಭಯದ ಮಾತು. ಹೊಸಬರಿಗೆ ಕಿರುಕುಳ ಕೊಡುವ, ಬಲವಂತವಾಗಿ ಕುಡಿಸುವ ಹೇಜಿಂಗ್, ನಮ್ಮ ರ‍್ಯಾಗಿಂಗ್‌ನಂತೆಯೇ, ಹುಡುಗರ ಜೀವವನ್ನೇ ತೆಗೆದಿದೆ. 2024ರ ಡಿಸೆಂಬರಿನಲ್ಲಿ ಅಧ್ಯಕ್ಷರ ಸಹಿ ಬಿದ್ದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಕಾಯಿದೆಯ ಪ್ರಕಾರ, ಯಾವ ಸಂಘ ಹೇಜಿಂಗ್ ನಿಯಮ ಮುರಿದು ಸಿಕ್ಕಿಬಿದ್ದಿದೆ ಎಂಬ ವರದಿಯನ್ನು ವಿಶ್ವವಿದ್ಯಾಲಯ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಜಿಪಿಎ ಪಟ್ಟಿಗಿಂತ ಮೊದಲು ಆ ವರದಿಯನ್ನು ನೀವೇ ತೆರೆದು ಓದಿ. ಆ ಚಾಪ್ಟರಿನ ಹೆಸರು ಅದರಲ್ಲಿದ್ದರೆ ಬೇಡವೆನ್ನಿ. ಅಲ್ಲಿ ನನ್ನ ತಮ್ಮನಿದ್ದರೂ ಇದನ್ನೇ ಹೇಳುತ್ತಿದ್ದೆ. ಸದಸ್ಯತ್ವದ ಶುಲ್ಕ ಒಂದೊಂದು ಚಾಪ್ಟರಿಗೆ ಒಂದೊಂದು ಥರ. ಮೊದಲ ವರ್ಷದ ಪೂರ್ತಿ ಲೆಕ್ಕವನ್ನು ಬರಹದಲ್ಲಿ ಕೇಳಿ ಪಡೆಯಲಿ.

ಬಿಡ್ ಒಪ್ಪಲು ಸಾಮಾನ್ಯವಾಗಿ ಕೆಲವೇ ದಿನಗಳ ಗಡುವು ಇರುತ್ತದೆ, ಆ ಒತ್ತಡದಲ್ಲೇ ಹುಡುಗರು ಹೂಂ ಎಂದುಬಿಡುತ್ತಾರೆ. ಅಷ್ಟರೊಳಗೆ ವಾರದ ನಡುವಿನ ಒಂದು ರಾತ್ರಿ ಆ ಮನೆಗೆ ಓದಲು ಬರುತ್ತೇನೆಂದು ಹೇಳಿ ಪುಸ್ತಕ ಹಿಡಿದು ಹೋಗಿ ಬರಲಿ. ಮನಸ್ಸು ಒಪ್ಪದಿದ್ದರೆ ಈ ಸಲ ಬಿಡಲಿ. ಹಲವು ಚಾಪ್ಟರುಗಳು ಜನವರಿಯಲ್ಲಿ ಆರಂಭವಾಗುವ ಸೆಮಿಸ್ಟರಿನಲ್ಲೂ ಸದಸ್ಯರನ್ನು ಸೇರಿಸಿಕೊಳ್ಳುತ್ತವೆ. ನಾನು ಸೇರಿದ್ದೂ ಆಗಲೇ.