ಮೂರು ಸೆಕೆಂಡ್ ಕಾದರೆ ಸಾಕು ಅಂತ ಬರೆದವರಿಗೆ

ನಮಸ್ಕಾರ. ನಿಮ್ಮ ಲೇಖನ ಬಂದು ಹತ್ತು ದಿನ ಆಯ್ತು, ಉತ್ತರ ತಡ ಆಗಿದ್ದಕ್ಕೆ ಕ್ಷಮಿಸಿ. ಬ್ರೌಸರಲ್ಲಿ ಟ್ಯಾಂಪರ್‌ಮಂಕಿ (ನಾವು ಬರೆದ ಸಣ್ಣ ಪ್ರೋಗ್ರಾಮುಗಳನ್ನ, ಅಂದ್ರೆ ಸ್ಕ್ರಿಪ್ಟುಗಳನ್ನ, ವೆಬ್ ಪೇಜಿನ ಮೇಲೆ ಓಡಿಸೋ ಎಕ್ಸ್‌ಟೆನ್ಶನ್) ಹಾಕ್ಕೊಂಡು ವೆಬ್‌ಸೈಟನ್ನ ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳೋದು, ದಿನಾ ಮಾಡೋ ಅದೇ ಅದೇ ಕ್ಲಿಕ್ಕುಗಳನ್ನ ಒಂದು ಸಣ್ಣ ಸ್ಕ್ರಿಪ್ಟಿಗೆ ಒಪ್ಪಿಸೋದು, ಇದನ್ನ ಕನ್ನಡದಲ್ಲಿ ಯಾರಾದ್ರೂ ಬರೀಲಿ ಅಂತ ನಾನು ತುಂಬ ದಿನದಿಂದ ಕಾಯ್ತಿದ್ದೆ. ನಿಮ್ಮ ಭಾಷೆ ಸರಾಗವಾಗಿದೆ, ಕಾಮೆಂಟ್ ಭಾಗ ಮುಚ್ಚಿಡೋ ನಾಲ್ಕು ಸಾಲಿನ ಉದಾಹರಣೆ ಚೆನ್ನಾಗಿದೆ. ಅದನ್ನ ಹಾಗೇ ಇಟ್ಕೊಳ್ಳಿ.

ಆದ್ರೆ ಡೌನ್‌ಲೋಡ್ ಬಟನ್ನನ್ನ ತಾನೇ ಒತ್ತೋ ಆಟೋ ಡೌನ್‌ಲೋಡ್ ಸ್ಕ್ರಿಪ್ಟಿನ ಭಾಗ ಓದಿದಾಗ ನಂಗೆ ನಿಜವಾಗ್ಲೂ ಸಿಟ್ಟು ಬಂತು, ಅದನ್ನ ಮುಚ್ಚಿಟ್ಟು ಬರೆದ್ರೆ ನಿಮಗೆ ಉಪಯೋಗ ಇಲ್ಲ.

ನೀವು ಬರೀತೀರ: "ಪೇಜ್ ಲೋಡ್ ಆಗೋಕೆ ಮೂರು ಸೆಕೆಂಡ್ ಕಾದರೆ ಸಾಕು, ಆಮೇಲೆ ಬಟನ್ ಒತ್ತಿಸಬಹುದು." ಯಾರ ಮೂರು ಸೆಕೆಂಡ್? ನಿಮ್ಮ ಮನೆ ಇಂಟರ್‌ನೆಟ್ಟಿದು, ನಿಮ್ಮ ಲ್ಯಾಪ್‌ಟಾಪಿಂದು. ಓದೋರ ಹತ್ರ ಹಳೇ ಮಷೀನ್ ಇದ್ರೆ ಮೂರು ಸೆಕೆಂಡಿಗೆ ಆ ಬಟನ್ ಇನ್ನೂ ಹುಟ್ಟೇ ಇರಲ್ಲ, ಸ್ಕ್ರಿಪ್ಟ್ ಏನೂ ಸಿಗದೆ ಕನ್ಸೋಲಲ್ಲಿ (ಬ್ರೌಸರ್ ತಪ್ಪುಗಳನ್ನ ತೋರಿಸೋ ಜಾಗ) ಒಂದು ಕೆಂಪು ಸಾಲು ಬಿಟ್ಟು ಸುಮ್ಮನಾಗತ್ತೆ, ಓದೋರು ತಮ್ಮದೇ ತಪ್ಪು ಅನ್ಕೊಂಡು ಟ್ಯಾಬ್ ಮುಚ್ಚಿ ಹೋಗ್ತಾರೆ. ಮುಂದಿನ ಸಾಲೇ "ಆಗದಿದ್ದರೆ ಐದು ಸೆಕೆಂಡ್ ಮಾಡಿ ನೋಡಿ". ಇದು ಸಲಹೆ ಅಲ್ಲ, ಕೈ ತೊಳ್ಕೊಳ್ಳೋದು. ಎಷ್ಟು ಹೊತ್ತು ಕಾಯಬೇಕು ಅನ್ನೋದು ಇಲ್ಲಿ ಪ್ರಶ್ನೆನೇ ಅಲ್ಲ, ಏನಕ್ಕೆ ಕಾಯಬೇಕು ಅನ್ನೋದು ಪ್ರಶ್ನೆ, ಅದನ್ನ ನೀವು ಎಲ್ಲೂ ಹೇಳಿಲ್ಲ.

ಈಗಿನ ಎಷ್ಟೋ ಸೈಟುಗಳು ಮೊದಲು ಒಂದು ಖಾಲಿ ಚೌಕಟ್ಟು ಕಳಿಸ್ತವೆ, ಒಳಗಿನ ಸಾಮಾನೆಲ್ಲ ಜಾವಾಸ್ಕ್ರಿಪ್ಟ್ ಬಂದು ಆಮೇಲೆ ತುಂಬತ್ತೆ, ಇನ್ನೊಂದು ಲಿಂಕ್ ಒತ್ತಿದ್ರೆ ಮೇಲಿನ ವಿಳಾಸ ಬದಲಾಗತ್ತೆ ಆದ್ರೆ ಪೇಜ್ ಹೊಸದಾಗಿ ಲೋಡ್ ಆಗಲ್ಲ, ಹಾಗಾಗಿ ನಿಮ್ಮ ಸ್ಕ್ರಿಪ್ಟ್ ಎರಡನೇ ಸಲ ಓಡೋದೂ ಇಲ್ಲ. ಇಷ್ಟು ಹೇಳಿದ್ರೆ ಓದೋರಿಗೆ ಮ್ಯುಟೇಶನ್ ಅಬ್ಸರ್ವರ್ ಯಾಕೆ ಬೇಕು ಅಂತ ತಾನಾಗೇ ಅರ್ಥ ಆಗತ್ತೆ: ಪೇಜಿನ ಈ ಭಾಗದಲ್ಲಿ ಏನಾದ್ರೂ ಸೇರಿದ್ರೆ ನಂಗೆ ತಿಳಿಸು ಅಂತ ಬ್ರೌಸರಿಗೇ ಹೇಳಿಡೋದು, ಬೇಕಾಗಿದ್ದು ಕಂಡ ತಕ್ಷಣ ಕೆಲಸ ಮಾಡಿ ಡಿಸ್‌ಕನೆಕ್ಟ್ ಮಾಡೋದು, ಅಂದ್ರೆ ಆ ಕಾವಲು ನಿಲ್ಲಿಸೋದು. ಆ ಡಿಸ್‌ಕನೆಕ್ಟ್ ಬಗ್ಗೆ ದಯವಿಟ್ಟು ಒಂದು ಸಾಲು ಬರೀರಿ, ಯಾಕಂದ್ರೆ ಅಬ್ಸರ್ವರ್ ಒಳಗಿಂದ ನಾವೇ ಪೇಜಿಗೆ ಏನಾದ್ರೂ ಸೇರಿಸಿದ್ರೆ ಅದೂ ಬದಲಾವಣೆನೇ, ಮತ್ತೆ ಕರೆ ಬರತ್ತೆ, ಮತ್ತೆ ಸೇರಿಸ್ತೀವಿ, ಟ್ಯಾಬ್ ಹೆಪ್ಪುಗಟ್ಟಿ ಕೂರತ್ತೆ.

ಆಮೇಲೆ ಈ ಸಾಲು: "ಪೇಜಿನ ಎರಡನೇ ಬಟನ್ನೇ ನಮಗೆ ಬೇಕಾಗಿರೋದು."

ಇಲ್ಲಿ ನಾನು ಓದೋದು ನಿಲ್ಲಿಸಿದೆ. ಟ್ಯಾಂಪರ್‌ಮಂಕಿಗಿಂತ ಮುಂಚಿನ, ಅದೇ ಥರದ ಗ್ರೀಸ್‌ಮಂಕಿ ಫೈರ್‌ಫಾಕ್ಸ್ ಬ್ರೌಸರಿಗೆ ಬಂದಿದ್ದು 2005ರ ಹೊತ್ತಿಗೆ, ನಾನು ಮೊದಲ ಕೆಲಸಕ್ಕೆ ಸೇರಿದ್ದು ಅದಾಗಿ ಸ್ವಲ್ಪ ದಿನಕ್ಕೆ. ನನ್ನ ಕೆಲಸ ಏನಂದ್ರೆ ನೂರಾರು ಹಳೇ ದಾಖಲೆಗಳನ್ನ ಒಂದೊಂದಾಗಿ ತೆರೆದು, ನೋಡಿ, "ಮುಂದೆ" ಒತ್ತೋದು. ಪ್ರತಿ ದಾಖಲೆ ಕೆಳಗೂ ಎರಡು ಬಟನ್, ಮೊದಲನೇದು "ಅಳಿಸು", ಎರಡನೇದು "ಮುಂದೆ". ನಾನೂ ನಿಮ್ಮ ಹಾಗೇ ಎರಡನೇ ಬಟನ್ ಒತ್ತೋ ಸ್ಕ್ರಿಪ್ಟ್ ಬರೆದೆ, ವಾರಗಟ್ಟಲೆ ಚೆನ್ನಾಗಿ ಓಡ್ತು. ಒಂದು ದಿನ ಆ ಸೈಟಿನವರು ಎಲ್ಲಕ್ಕಿಂತ ಮುಂದೆ "ಪ್ರಿಂಟ್" ಅಂತ ಒಂದು ಹೊಸ ಬಟನ್ ಸೇರಿಸಿದ್ರು. ಎರಡನೇದು ಯಾವುದಾಯ್ತು ನೀವೇ ಎಣಿಸಿ. ನಾನು ಪಕ್ಕದ ಮೇಜಿನವರ ಹತ್ರ ಮಾತಾಡಿ ವಾಪಸ್ ಬರೋ ಹೊತ್ತಿಗೆ ನಲವತ್ತಕ್ಕೂ ಹೆಚ್ಚು ದಾಖಲೆ ಹೋಗಿತ್ತು. ನಂಗೆ ಕೆಲಸ ಕಲಿಸ್ತಿದ್ದ ಹಿರಿಯರು ಬೈಲಿಲ್ಲ, ರಾತ್ರಿವರೆಗೂ ನನ್ನ ಜೊತೆ ಕೂತು ಕಾಗದ ನೋಡಿ ಎಲ್ಲಾ ಮತ್ತೆ ತುಂಬಿಸಿದ್ರು. ಏಳುವಾಗ ಒಂದೇ ಮಾತು ಕೇಳಿದ್ರು, "ಆ ಬಟನ್ ಮೇಲೆ ಏನ್ ಬರ್ದಿತ್ತು ಅಂತ ನಿನ್ನ ಸ್ಕ್ರಿಪ್ಟು ಓದ್ತೇನಪ್ಪಾ?" ಓದಿರಲಿಲ್ಲ. ಅವತ್ತಿಂದ ಒತ್ತೋ ಮುಂಚೆ ಬಟನ್ ಮೇಲಿನ ಅಕ್ಷರ ಓದಿ ಹೋಲಿಸಿ ನೋಡದೆ ನಾನು ಒಂದೇ ಒಂದು ಕ್ಲಿಕ್ ಸಾಲೂ ಬರೆದಿಲ್ಲ. ಹೊಂದದಿದ್ರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು, ಊಹೆ ಮಾಡಬಾರದು.

ಎಣಿಕೆ ಬಿಟ್ಟು ಕ್ಲಾಸ್ ಹೆಸರು (ಪೇಜಿನ ಕೋಡಲ್ಲಿ ಬಟನ್ನಿಗೆ ಕೊಟ್ಟಿರೋ ಗುರುತು) ಹಿಡೀತೀನಿ ಅಂದ್ರೂ ಅರ್ಥವಿಲ್ಲದ ಅಕ್ಷರ-ಅಂಕಿ ಬೆರೆತ ಹೆಸರುಗಳನ್ನ ನಂಬಬೇಡಿ. ಅವನ್ನ ಸೈಟ್ ಕಟ್ಟೋ ಟೂಲುಗಳೇ ಹುಟ್ಟಿಸೋದು, ಅವರ ಮುಂದಿನ ಅಪ್‌ಡೇಟಿಗೆ ಬೇರೆ ಆಗಿರಬಹುದು. ಬಟನ್ನಿನ ಕೋಡಲ್ಲಿ ಏರಿಯಾ ಲೇಬಲ್ (aria-label) ಅನ್ನೋ ಹೆಸರುಪಟ್ಟಿ ಇದ್ರೆ ಅದನ್ನ ಹಿಡೀರಿ, ಕಣ್ಣು ಕಾಣದವರಿಗೆ ಪೇಜ್ ಓದಿ ಹೇಳೋ ಸ್ಕ್ರೀನ್ ರೀಡರಿಗೆ ಅಂತ ಇಟ್ಟಿರೋದ್ರಿಂದ ಅದರಲ್ಲಿ ಮನುಷ್ಯರಿಗೆ ಅರ್ಥ ಆಗೋ ಮಾತಿರತ್ತೆ, ಸುಮ್ಸುಮ್ನೆ ಬದಲಾಗೋದೂ ಕಡಿಮೆ.

ಇದೇ ಸ್ಕ್ರಿಪ್ಟು ಯಾವ ಸೈಟಲ್ಲಿ ಓಡಬೇಕು ಅಂತ ಹೇಳೋ ಮ್ಯಾಚ್ ಸಾಲಿಗೆ "ನಕ್ಷತ್ರ ಹಾಕಿಬಿಡಿ, ಎಲ್ಲಾ ಸೈಟಿಗೂ ಆಗುತ್ತೆ, ತಲೆನೋವಿಲ್ಲ" ಅಂತಾನೂ ಬರೆದಿದೀರ. ಎರಡನೇ ಬಟನ್ ಒತ್ತೋ ಸ್ಕ್ರಿಪ್ಟು ಎಲ್ಲಾ ಸೈಟಲ್ಲೂ! ಓದೋರು ಬ್ಯಾಂಕ್ ಪೇಜ್ ತೆರೆದ್ರೆ ಅಲ್ಲೂ, ಮೇಲ್ ತೆರೆದ್ರೆ ಅಲ್ಲೂ ಅದು ಮೂರು ಸೆಕೆಂಡ್ ಎಣಿಸಿ ಏನೋ ಒಂದನ್ನ ಒತ್ತತ್ತೆ. ಆ ಒಂದು ಸೈಟಿನ ವಿಳಾಸ, ಸಾಧ್ಯ ಆದ್ರೆ ಆ ಒಂದು ಪೇಜಿನ ದಾರಿ, ಅಷ್ಟೇ ಬರೀರಿ. ಇದನ್ನ ತಿದ್ದದೆ ಲೇಖನ ಹಾಕೋಕೆ ನನ್ನ ಕೈಲಾಗಲ್ಲ.

ಉಳಿದಿದ್ದಕ್ಕೆ ನಾನು ಕೈ ಹಾಕಲ್ಲ, ಡೌನ್‌ಲೋಡ್ ಭಾಗ ಮಾತ್ರ ಮತ್ತೆ ಬರೀರಿ. ಬರೆಯೋ ಮುಂಚೆ ಬ್ರೌಸರಿನ ಡೆವಲಪರ್ ಟೂಲ್ಸಿನ ನೆಟ್‌ವರ್ಕ್ ಟ್ಯಾಬಿಗೆ ಹೋಗಿ ವೇಗ 3ಜಿಗೆ ಇಳಿಸಿ ನಿಮ್ಮ ಈಗಿನ ಸ್ಕ್ರಿಪ್ಟನ್ನೇ ಒಂದು ಹತ್ತು ಸಲ ಓಡಿಸಿ. ಎಷ್ಟು ಸಲ ಸರಿಯಾಗಿ ಒತ್ತಿತು, ಎಷ್ಟು ಸಲ ತಪ್ಪಿತು ಅಂತ ಅದೇ ಪ್ಯಾರಾದಲ್ಲಿ ಬರೆದು ಕಳಿಸಿ, ಬಂದ ದಿನವೇ ಓದ್ತೀನಿ.