ಬರೀ ಹುಳುಗಳಿಗೇ ಒಂದು ಪತ್ರಿಕೆಯಾ?

ಹೋದ ಸಂಚಿಕೆಯಲ್ಲಿ ಕೀಟವಿಜ್ಞಾನದ ಜರ್ನಲ್‌ಗಳ ಬಗ್ಗೆ, ಅಂದರೆ ಹುಳುಗಳ ಸಂಶೋಧನಾ ಪತ್ರಿಕೆಗಳ ಬಗ್ಗೆ, ಸುಮ್ನೆ ಎರಡು ಸಾಲು ಬರೆದಿದ್ದೆವು. ಈ ತಿಂಗಳ ಅಂಚೆಯಲ್ಲಿ ಅದರದ್ದೇ ಪ್ರಶ್ನೆಗಳು ಜಾಸ್ತಿ. ಘಟ್ಟದ ಮೇಲಿಂದಲೂ ಬಂದಿವೆ, ಕರಾವಳಿಯಿಂದಲೂ ಬಂದಿವೆ. ನಾಲ್ಕನ್ನು ಆರಿಸಿದ್ದೇವೆ.

ಬರೀ ಹುಳುಗಳ ಬಗ್ಗೆ ಇಡೀ ಪತ್ರಿಕೆ ಇರುತ್ತದಾ? ಯಾರು ಓದ್ತಾರೆ ಅದನ್ನ? ನಮ್ಮ ಮೇಷ್ಟ್ರು ಓದಿ ಓದಿ ಅಂತಾರೆ, ನಮ್ಮ ಜಿಲ್ಲೆಗೂ ಅದಕ್ಕೂ ಏನು ಸಂಬಂಧ?
– ಪದವಿ ವಿದ್ಯಾರ್ಥಿನಿ, ಶಿರಸಿ

ಇರುತ್ತದೆ ತಂಗೀ, ಒಂದೆರಡಲ್ಲ. ನಮ್ಮ ದೇಶದ್ದೇ ಬೇಕಾದರೆ ‘ಇಂಡಿಯನ್ ಜರ್ನಲ್ ಆಫ್ ಎಂಟಮಾಲಜಿ’ ಇದೆ. 1938ರಲ್ಲಿ ಶುರುವಾದ ಭಾರತೀಯ ಕೀಟಶಾಸ್ತ್ರ ಸಂಘ ಅದನ್ನು 1939ರಿಂದ ತರುತ್ತಿದೆ. ಓದುವವರು ಕಮ್ಮಿ ಅನ್ನುವುದು ನಿಜ. ಆದರೆ ಅದು ಬಸ್ಸಿನಲ್ಲಿ ಕೂತು ಓದುವುದಕ್ಕೆ ಬರೆದದ್ದೂ ಅಲ್ಲ. ಯಾವ ಹುಳು, ಯಾವ ಊರಲ್ಲಿ, ಯಾವ ತಿಂಗಳಲ್ಲಿ, ಯಾವ ಗಿಡದ ಮೇಲೆ ಸಿಕ್ಕಿತು ಅಂತ ಒಬ್ಬರು ಬರೆದು ಕಳಿಸುತ್ತಾರೆ. ಅದೇ ವಿಷಯ ಬಲ್ಲ ಇನ್ನಿಬ್ಬರೋ ಮೂವರೋ ಅದನ್ನು ಓದಿ ತಪ್ಪು ಹುಡುಕುತ್ತಾರೆ. ಈ ತಪ್ಪು ಹುಡುಕುವ ಕೆಲಸಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ, ಬರೆದವರಿಗೂ ಸಂಭಾವನೆ ಇಲ್ಲ. ತಿದ್ದಿ ಅಚ್ಚಾದ ಮೇಲೆ ಅದು ದಾಖಲೆ. ನೂರು ವರ್ಷ ಬಿಟ್ಟು ಬರುವವರೂ ಅದನ್ನೇ ತೆಗೆದು ನೋಡುತ್ತಾರೆ.

ಇನ್ನು ಸಂಬಂಧದ ಮಾತು. ಅದು ಬೇಕಾದಷ್ಟಿದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿದ್ದು 1883ರಲ್ಲಿ, ಅದರ ಜರ್ನಲ್ ಶುರುವಾದದ್ದು 1886ರಲ್ಲಿ. ಅದು ಕೀಟಗಳದ್ದೇ ಪತ್ರಿಕೆಯಲ್ಲ, ಹಕ್ಕಿ, ಹಾವು, ಹುಲಿ ಎಲ್ಲ ಅದರಲ್ಲಿವೆ. ಆದರೆ ಅದರ ಹಳೇ ಸಂಪುಟ ಬಿಡಿಸಿದರೆ ಕಾರವಾರದ ಕಾಡಿನ ಚಿಟ್ಟೆಗಳೇ ಎದುರಾಗುತ್ತವೆ. ಆಗ ನಮ್ಮ ಉತ್ತರ ಕನ್ನಡ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ, ಹೆಸರು ನಾರ್ತ್ ಕೆನರಾ. 1896ರ ಸುಮಾರಿಗೆ ‘ನಾರ್ತ್ ಕೆನರಾ ಜಿಲ್ಲೆಯ ಚಿಟ್ಟೆಗಳು’ ಅಂತ ಒಂದು ಬರಹ ಕಂತು ಕಂತಾಗಿ ಬಂತು. ಬರೆದವರು ಮೂವರು: ಡೇವಿಡ್‌ಸನ್, ಬೆಲ್, ಏಟ್ಕೆನ್. ಡೇವಿಡ್‌ಸನ್ ಬ್ರಿಟಿಷ್ ಆಡಳಿತದ ಐಸಿಎಸ್ ಅಧಿಕಾರಿ, ಬೆಲ್ ಅರಣ್ಯ ಇಲಾಖೆಯವರು, ಏಟ್ಕೆನ್ ಸುಂಕ ಮತ್ತು ಉಪ್ಪಿನ ಇಲಾಖೆಯವರು. ಸಂಬಳಕ್ಕೆ ಹುಳು ನೋಡುತ್ತಿದ್ದವರು ಒಬ್ಬರೂ ಇಲ್ಲ, ಗಮನಿಸಿದ್ರಾ?

ಅವರ ಹೆಚ್ಚುಗಾರಿಕೆ ಇರುವುದು ಚಿಟ್ಟೆ ಹಿಡಿದದ್ದರಲ್ಲಲ್ಲ, ಹುಳು ಸಾಕಿದ್ದರಲ್ಲಿ. ಗಿಡದ ಮೇಲೆ ಸಿಕ್ಕ ಹುಳುವನ್ನು ತಂದು, ಅದು ತಿನ್ನುವ ಎಲೆಯನ್ನೇ ಹಾಕಿ, ಕೋಶ ಕಟ್ಟಿ ಚಿಟ್ಟೆಯಾಗಿ ಹೊರಬರುವವರೆಗೂ ಕಾದು, ಬಣ್ಣ, ಮುಳ್ಳು, ಮಚ್ಚೆ ಎಲ್ಲ ಬರೆದಿಟ್ಟರು. ನಿಮ್ಮ ಮನೆ ಹಿತ್ತಲಿನ ಕರಿಬೇವಿನ ಗಿಡ ನೋಡಿ. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂದು ಬಿಳಿ ಚುಕ್ಕೆ ಇರುತ್ತದಲ್ಲ, ಹತ್ತಿರ ಹೋಗಿ ನೋಡಿದರೆ ಅದು ಹುಳು. ದೊಡ್ಡದಾದ ಮೇಲೆ ಹಸಿರಾಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೋಡು ಚಾಚುತ್ತದೆ, ಜೊತೆಗೆ ಘಾಟು ವಾಸನೆ. ಅದು ಕಾಮನ್ ಮಾರ್ಮನ್ ಅನ್ನುವ ಕಪ್ಪು ಚಿಟ್ಟೆಯ ಮರಿ. ಯಾವ ಚಿಟ್ಟೆಗೆ ಯಾವ ಗಿಡ ಅಂತ ಇವತ್ತು ಪಟ್ಟಿ ಮಾಡುವವರೂ ಆ ಮೂವರ ಬರಹದಿಂದಲೇ ಎತ್ತಿಕೊಳ್ಳುತ್ತಾರೆ.

ಬೆಲ್ ಅವರಂತೂ ನಿವೃತ್ತಿಯಾದ ಮೇಲೂ ಕಾರವಾರ ಬಿಟ್ಟು ಹೋಗಲಿಲ್ಲ. 1948ರಲ್ಲಿ ತೀರಿಕೊಂಡದ್ದೂ ಇಲ್ಲೇ. ಗಿಡುಗ ಪತಂಗಗಳ ಮೇಲೆ ಸ್ಕಾಟ್ ಎಂಬವರ ಜೊತೆ ಅವರು ಬರೆದ ದಪ್ಪ ಗ್ರಂಥ 1937ರಲ್ಲಿ ಬಂತು. ಊರಲ್ಲಿ ಅವರ ಹೆಸರು ಕೇಳಿದವರು ಎಷ್ಟು ಜನ ಇದ್ದಾರೋ! ಬಾಂಬೆ ಸೊಸೈಟಿಯ ಆ ಜರ್ನಲ್‌ನ ಹಳೇ ಸಂಪುಟಗಳು ‘ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ’ ಅನ್ನುವ ಅಂತರ್ಜಾಲ ಗ್ರಂಥಾಲಯದಲ್ಲಿ ಪುಕ್ಕಟೆ ಸಿಗುತ್ತವೆ. ಮೊಬೈಲ್‌ನಲ್ಲೇ ಓದಬಹುದು, ಅದಕ್ಕೆ ಮೇಷ್ಟ್ರ ಶಿಫಾರಸು ಬೇಡ.

ರಾತ್ರಿ ನಮ್ಮ ಜಗಲಿ ದೀಪಕ್ಕೆ ಬರುವ ಪತಂಗಗಳ ಫೋಟೊ ತೆಗೆಯುವುದು ನನ್ನ ಹವ್ಯಾಸ. ಈಗ ಒಂದು ಜರ್ನಲ್‌ನಿಂದ ಮೇಲ್ ಬಂದಿದೆ. ‘ನಿಮ್ಮ ಅಮೂಲ್ಯ ಲೇಖನವನ್ನು ಐದೇ ದಿನದಲ್ಲಿ ಪ್ರಕಟಿಸುತ್ತೇವೆ’ ಅಂತ. ದುಡ್ಡು ಕೇಳ್ತಾರೆ. ಐಎಸ್‌ಎಸ್‌ಎನ್ ನಂಬರ್ ಇದೆ. ಕೊಡಲೇ?
– ಬ್ಯಾಂಕ್ ನೌಕರ, ಕಾರವಾರ

ಕೊಡಬೇಡಿ. ನೀವು ಲೇಖನವನ್ನೇ ಬರೆದಿಲ್ಲ, ಅದು ಅಮೂಲ್ಯ ಅಂತ ಅವರಿಗೆ ಹೇಗೆ ಗೊತ್ತಾಯ್ತು? ಐಎಸ್‌ಎಸ್‌ಎನ್ ಅನ್ನುವುದು ಪತ್ರಿಕೆಯನ್ನು ಗುರುತಿಸಲಿಕ್ಕೆ ಕೊಡುವ ಎಂಟು ಅಂಕಿಯ ಸಂಖ್ಯೆ, ಅಷ್ಟೇ. ಒಳಗಿನ ಸರಕು ಒಳ್ಳೇದಾ ಕೆಟ್ಟದಾ ಅಂತ ಅದು ಹೇಳುವುದಿಲ್ಲ. ಐದು ದಿನದಲ್ಲಿ ಯಾರೂ ಒಂದು ಲೇಖನವನ್ನು ಸರಿಯಾಗಿ ಪರಿಶೀಲಿಸಲಾರರು, ಒಳ್ಳೆಯ ಕಡೆ ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಒಂದೇ ಪತ್ರಿಕೆಯಲ್ಲಿ ಕೀಟ, ಕಾಮರ್ಸು, ಕಾಂಕ್ರೀಟು ಮೂರೂ ಇದ್ದರಂತೂ ಆ ಕಡೆ ತಲೆ ಹಾಕಬೇಡಿ. ಹಾಗಂತ ದುಡ್ಡು ಕೇಳಿದವರೆಲ್ಲ ಮೋಸಗಾರರಲ್ಲ. ಓದುಗರಿಗೆ ಪುಕ್ಕಟೆ ಕೊಡುವ ಕೆಲವು ಒಳ್ಳೆಯ ಜರ್ನಲ್‌ಗಳು ಬರೆದವರಿಂದ ಶುಲ್ಕ ತೆಗೆದುಕೊಳ್ಳುತ್ತವೆ, ಆದರೆ ಅವು ನಿಮ್ಮನ್ನು ಹುಡುಕಿಕೊಂಡು ಬಂದು ಹೊಗಳುವುದಿಲ್ಲ.

ನಿಮ್ಮ ಫೋಟೊಗಳಿಗೆ ಬೆಲೆ ಇಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ. ದೊಡ್ಡ ಪ್ರಬಂಧವೇ ಬೇಕಂತಿಲ್ಲ, ಒಂದೆರಡು ಪುಟದ ಟಿಪ್ಪಣಿಯೂ ಆಗುತ್ತದೆ. ಭಾರತದ ಅತಿ ದೊಡ್ಡ ಚಿಟ್ಟೆ ಅನ್ನುವ ಪಟ್ಟ 1932ರಿಂದ ಸದರ್ನ್ ಬರ್ಡ್‌ವಿಂಗ್‌ನದ್ದಾಗಿತ್ತು, ರೆಕ್ಕೆ ಬಿಚ್ಚಿದಾಗ ಅಗಲ 190 ಮಿಲಿಮೀಟರ್. ನಮ್ಮ ಘಟ್ಟದಲ್ಲಿ ಹಾರುವ, ಈಶ್ವರಿ ಬಳ್ಳಿಯ ಮೇಲೆ ಬೆಳೆಯುವ ಅದೇ ಹಳದಿ ಕಪ್ಪು ಚಿಟ್ಟೆ, ನಮ್ಮ ರಾಜ್ಯದ ಚಿಟ್ಟೆ. 2020ರಲ್ಲಿ ಉತ್ತರಾಖಂಡದ ದೀದಿಹಾಟ್‌ನಲ್ಲಿ ಸಿಕ್ಕ ಒಂದು ಹೆಣ್ಣು ಗೋಲ್ಡನ್ ಬರ್ಡ್‌ವಿಂಗ್ 194 ಮಿಲಿಮೀಟರ್ ಮುಟ್ಟಿ ಅದನ್ನು ಕೆಳಗಿಳಿಸಿತು. ಸುದ್ದಿ ಮೊದಲು ಬಂದದ್ದು ‘ಬಯೋನೋಟ್ಸ್’ ಅನ್ನುವ ಸಣ್ಣ ಪತ್ರಿಕೆಯಲ್ಲಿ. ನಾಲ್ಕು ಮಿಲಿಮೀಟರ್‌ಗೆ ಹೋಯ್ತು ನಮ್ಮ ಪಟ್ಟ, ಬೇಜಾರಲ್ವಾ!

ಇನ್ನು ಮೇಲೆ ಪ್ರತಿ ಫೋಟೊಕ್ಕೂ ತಾರೀಖು, ಜಾಗ, ಹೊತ್ತು, ದೀಪ ಯಾವ ಥರದ್ದು ಅಂತ ಬರೆದಿಡಿ. ಪತಂಗದ ಪಕ್ಕ ಒಂದು ಅಳತೆಪಟ್ಟಿ ಇಟ್ಟು ತೆಗೆಯಿರಿ. ಒಂದು ವರ್ಷ ಬಿಡದೆ ಮಾಡಿ, ಆಮೇಲೆ ಕೊಯಮತ್ತೂರಿನ ‘ಜರ್ನಲ್ ಆಫ್ ಥ್ರೆಟೆಂಡ್ ಟ್ಯಾಕ್ಸಾ’ ನೋಡಿ. ಓದಲು ಪುಕ್ಕಟೆ, ಬರೆಯುವ ಕ್ರಮವೂ ಅಲ್ಲೇ ತಿಳಿಯುತ್ತದೆ.

ತೋಟದಲ್ಲಿ ಹುಳು ಬಿದ್ದಾಗ ಔಷಧಿ ಬೇಕೇ ಹೊರತು ಜರ್ನಲ್ ಅಲ್ಲ. ಇದರಿಂದ ನಮಗೇನು ಉಪಯೋಗ?
– ಅಡಿಕೆ ಬೆಳೆಗಾರರು, ಸಿದ್ದಾಪುರ

ನ್ಯಾಯವಾದ ಸಿಟ್ಟು. ಆದರೆ ಯಾವ ಹುಳು ಅಂತಲೇ ಗೊತ್ತಿಲ್ಲದೆ ಯಾವ ಔಷಧಿ ಹೊಡೆಯುತ್ತೀರಿ? ಅಡಿಕೆಯ ಸುಳಿಯಲ್ಲಿ ಕೂತು ರಸ ಹೀರುವ ತಿಗಣೆ ಇದೆಯಲ್ಲ, ಸುಳಿ ಬಿಚ್ಚಿದಾಗ ಎಲೆಯಲ್ಲಿ ಕಂದು ಕಲೆ ಮೂಡಿ ಹರಿದು ಹೋಗುತ್ತದಲ್ಲ, ಅದಕ್ಕೆ ‘ಕಾರ್ವಾಲೋಯಿಯಾ ಅರೆಕೆ’ ಅಂತ ಹೆಸರು ಕೊಟ್ಟದ್ದು 1957ರಲ್ಲಿ. ಅಚ್ಚಾದದ್ದು ಇಂಗ್ಲೆಂಡಿನ ‘ಬುಲೆಟಿನ್ ಆಫ್ ಎಂಟಮಾಲಾಜಿಕಲ್ ರಿಸರ್ಚ್’ನಲ್ಲಿ. ಅಲ್ಲಿಂದ ಮುಂದೆ ಎಲ್ಲರೂ ಒಂದೇ ಹುಳುವಿನ ಬಗ್ಗೆ ಮಾತಾಡುತ್ತಿದ್ದೇವೆ ಅಂತ ಖಾತ್ರಿಯಾಯ್ತು. ಬೇರು ಹುಳುವಿನ ಕತೆಯೂ ಇದೇ. ಆ ಹುಳು ಬೆಳೆದು ಆಗುವ ದುಂಬಿಗಳು ಮಳೆ ಹಿಡಿಯುವ ಹೊತ್ತಿಗೆ ಮುಸ್ಸಂಜೆಯಲ್ಲಿ ಮಣ್ಣಿಂದ ಏಳುತ್ತವೆ, ಆಗ ಹಿಡಿದು ಕೊಲ್ಲಿ ಅನ್ನುವ ಸಲಹೆ ಬಂದದ್ದು ಯಾರೋ ತೋಟದಲ್ಲಿ ಸಂಜೆಯೆಲ್ಲ ಕೂತು ನೋಡಿ ಬರೆದದ್ದರಿಂದ. ನೀವು ಜರ್ನಲ್ ಓದಬೇಕಾಗಿಲ್ಲ. ಹುಳುವನ್ನು ಒಂದು ಡಬ್ಬಿಗೆ ಹಾಕಿ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ, ಓದುವ ಕೆಲಸ ಅವರದ್ದು.

ಹೊಸ ಜಾತಿಯ ಹುಳು ಸಿಕ್ಕಿದರೆ ನಮ್ಮ ಅಜ್ಜಿಯ ಹೆಸರು ಇಡಬಹುದಾ?
– ಹೈಸ್ಕೂಲ್ ಹುಡುಗ, ಕುಮಟಾ

ಧಾರಾಳವಾಗಿ ಇಡಬಹುದು. ಸ್ವಂತ ಹೆಸರು ಮಾತ್ರ ಇಟ್ಟುಕೊಳ್ಳಬೇಡ, ಕಾನೂನಿನ ಅಡ್ಡಿ ಇಲ್ಲ, ಆದರೆ ನಗ್ತಾರೆ. ಅಜ್ಜಿಗಿಂತ ಮುಂಚೆ ಒಂದು ವಿಷಯ: ಅದು ಹೊಸತೇ ಅಂತ ಖಚಿತವಾಗಬೇಕು. ಅಂದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಶುರುವಾಗುವ 1758ರಿಂದ ಈಚೆಗೆ ಆ ಗುಂಪಿನಲ್ಲಿ ಹೆಸರಿಟ್ಟವನ್ನೆಲ್ಲ ಹೋಲಿಸಿ ನೋಡಬೇಕು. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹೆಸರಿಟ್ಟರೆ ನಡೆಯಲ್ಲ, ವರ್ಣನೆಯ ಜೊತೆ ನಿಯಮದ ಪ್ರಕಾರ ಪ್ರಕಟವಾಗಬೇಕು. ಯಾವ ಒಂದು ಹುಳುವನ್ನು ನೋಡಿ ಹೆಸರಿಟ್ಟೆಯೋ ಆ ಮಾದರಿಯನ್ನು ಒಂದು ಸಂಗ್ರಹಾಲಯಕ್ಕೆ ಕೊಡುವುದು ರೂಢಿ, ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಅಂಥದ್ದೊಂದು. ದುಂಬಿಯಾದರೆ ಸೂಜಿಯನ್ನು ಬಲಗಡೆಯ ಗಟ್ಟಿ ರೆಕ್ಕೆಗೆ ಚುಚ್ಚುತ್ತಾರೆ, ಕೆಳಗೆ ಊರು, ತಾರೀಖು, ಹಿಡಿದವರ ಹೆಸರಿನ ಪುಟ್ಟ ಚೀಟಿ. ಇನ್ನೊಂದು ಮಾತು, ಕಾಡಿಗೆ ಬಲೆ ಹಿಡಿದು ಹೋಗಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಲವು ಚಿಟ್ಟೆಗಳೂ ಸೇರಿವೆ, ಅರಣ್ಯ ಇಲಾಖೆಯ ಅನುಮತಿ ಬೇಕು. ನಿಮ್ಮ ಹಿತ್ತಲಿನ ಸಗಣಿ ಗುಂಡಿಯಿಂದಲೇ ಶುರು ಮಾಡು, ಅಲ್ಲಿ ದುಂಬಿಗಳಿಗೆ ಬರಗಾಲವಿಲ್ಲ.